ಕಾರಿನ ಸವೆದ ನಂಬರ್ ಪ್ಲೇಟ್ ಬದಲಿಸುವುದು: ಬಿಚ್ಚುವುದರಿಂದ ಬಿಗಿಯುವವರೆಗೆ

ರಾತ್ರಿ ಹೊತ್ತು ಕಾರಿನಿಂದ ಒಂದಿಪ್ಪತ್ತು ಹೆಜ್ಜೆ ದೂರ ಹೋಗಿ ನಿಂತುಕೊಳ್ಳಿ. ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ನಂಬರ್ ಪ್ಲೇಟ್ ಮೇಲೆ ಬೆಳಕು ಬಿಡಿ. ಪ್ಲೇಟ್ ಚೆನ್ನಾಗಿದ್ದರೆ ಬೆಳಕು ನೇರವಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಹಿನ್ನೆಲೆ ಫಳಫಳ ಹೊಳೆಯುತ್ತದೆ, ಅಕ್ಷರಗಳು ಕಪ್ಪಗೆ ಎದ್ದು ಕಾಣುತ್ತವೆ. ಸವೆದಿದ್ದರೆ ಮಂಕು ಬಿಳುಪು, ಅಲ್ಲಲ್ಲಿ ಕಪ್ಪು ಮಚ್ಚೆ, ಅಷ್ಟೆ. ಹಗಲಲ್ಲಿ ನೋಡಿ "ಇನ್ನೂ ಓದೋಕಾಗುತ್ತಲ್ಲ" ಅಂದುಕೊಂಡ ಎಷ್ಟೋ ಪ್ಲೇಟ್‌ಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಪ್ಲೇಟ್ ಹೊಳೆಯುವುದು ಬಣ್ಣದಿಂದಲ್ಲ. ಅದರ ಮೇಲಿನ ಫಿಲ್ಮಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಬೆಳಕು ಎತ್ತ ಕಡೆಯಿಂದ ಬಂತೋ ಅತ್ತಲೇ ತಿರುಗಿಸಿ ಕಳಿಸುವುದು ಅವುಗಳ ಕೆಲಸ. ಫಿಲ್ಮಿನೊಳಗೆ ನೀರು ಇಳಿದರೆ, ಮೇಲ್ಮೈ ಉಜ್ಜಿ ಹೋದರೆ, ಅಲ್ಲಿಗೆ ಮುಗಿಯಿತು. ತೊಳೆದರೂ ಪಾಲಿಶ್ ಹಾಕಿದರೂ ಆ ಹೊಳಪು ಮತ್ತೆ ಬರುವುದಿಲ್ಲ.

ಮಾರ್ಕರ್ ಪೆನ್ನಿನಿಂದ ಅಕ್ಷರ ತಿದ್ದುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಹಳಷ್ಟು ದೇಶಗಳಲ್ಲಿ ಪ್ಲೇಟನ್ನು ಹೀಗೆ ತಿದ್ದುವುದೇ ತಪ್ಪು. ಅದೂ ಅಲ್ಲದೆ, ರಸ್ತೆಯ ಮೇಲಿನ ನಂಬರ್ ಓದುವ ಕ್ಯಾಮೆರಾಗಳಲ್ಲಿ ಹೆಚ್ಚಿನವು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತವೆ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಶಾಯಿಗಳು ಆ ಬೆಳಕಿನಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾಯವಾಗುತ್ತವೆ. ನೀವು 8 ಅಂತ ಚೆಂದವಾಗಿ ತಿದ್ದಿರುತ್ತೀರಿ, ಕ್ಯಾಮೆರಾ 3 ಅಂತ ಓದಿಕೊಂಡು ಹೋಗುತ್ತದೆ. ದಂಡದ ಚೀಟಿ ಯಾರ ಮನೆಗೆ ಹೋಗುತ್ತದೋ ಯಾರಿಗೆ ಗೊತ್ತು.

ಹಾಗಾಗಿ ಬದಲಿಸುವುದೊಂದೇ ದಾರಿ. ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಹಳೆಯದನ್ನು ಬಿಚ್ಚುವುದು, ಅದು ಯಾಕೆ ಹಾಳಾಯಿತು ಅಂತ ಕಂಡುಹಿಡಿಯುವುದು, ಆ ಕಾರಣವನ್ನು ಸರಿಮಾಡುವುದು, ಇವೇ ನಿಜವಾದ ಕೆಲಸ. ಅದನ್ನು ಬಿಟ್ಟು ಹೊಸ ಪ್ಲೇಟನ್ನು ಸುಮ್ನೆ ಹಳೇ ತುಕ್ಕಿನ ಮೇಲೆ ಬಿಗಿದರೆ ಅದೂ ಬೇಗ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೊದಲು: ಇದನ್ನು ನೀವೇ ಬಿಚ್ಚಬಹುದಾ?

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಎಲ್ಲ ದೇಶಗಳಲ್ಲೂ ಒಂದೇ ನಿಯಮ ಇಲ್ಲ.

ಬ್ರಿಟನ್‌ನಲ್ಲಿ ನೋಂದಾಯಿತ ಮಾರಾಟಗಾರರಿಗೆ ಕಾಗದಪತ್ರ ತೋರಿಸಿ ಪ್ಲೇಟ್ ಮಾಡಿಸಿಕೊಂಡು ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ 2021ರ ಸೆಪ್ಟೆಂಬರ್ 1ರಿಂದ ಅಲ್ಲಿ ಹೊಸದಾಗಿ ಹಾಕುವ ಪ್ಲೇಟ್ ಬಿಎಸ್ ಎಯು 145ಇ ಎಂಬ ಮಾನದಂಡಕ್ಕೆ ಹೊಂದಬೇಕು. ಜರ್ಮನಿಯಲ್ಲಿ ಪ್ಲೇಟ್ ಅಚ್ಚು ಹಾಕಿಸುವುದು ಸುಲಭ, ಆದರೆ ನೋಂದಣಿ ಕಚೇರಿಯ ಮುದ್ರೆ ಅಂಟಿಸುವ ತನಕ ಅದು ಬರೀ ತಗಡು. ಜಪಾನಿನಲ್ಲಿ ಸಾಮಾನ್ಯ ಕಾರುಗಳ ಹಿಂದಿನ ಪ್ಲೇಟಿನ ಎಡಗಡೆ ಬೋಲ್ಟ್ ಮೇಲೆ ಸರ್ಕಾರದ ಸೀಲ್ ಕೂತಿರುತ್ತದೆ, ಅದನ್ನು ಒಡೆಯದೆ ಪ್ಲೇಟ್ ಬಿಚ್ಚಲು ಬರುವುದಿಲ್ಲ. ಭಾರತದಲ್ಲಿ 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಹೈ ಸೆಕ್ಯುರಿಟಿ ಪ್ಲೇಟಿನ ಹಿಂಬದಿಯದ್ದನ್ನು ಸ್ನ್ಯಾಪ್ ಲಾಕ್‌ನಿಂದ ಕೂರಿಸುತ್ತಾರೆ. ಒಮ್ಮೆ ಕೂತರೆ ಮುರಿಯದೆ ಹೊರಗೆ ಬರುವುದಿಲ್ಲ, ಅದರ ಉದ್ದೇಶವೇ ಅದು. ಅಂಥ ಪ್ಲೇಟ್ ಸವೆದರೆ ಅಧಿಕೃತವಾಗಿ ಅರ್ಜಿ ಹಾಕಿ ಅವರ ಕೈಯಲ್ಲೇ ಹಾಕಿಸಿಕೊಳ್ಳಬೇಕು.

ಹಾಗಾಗಿ ನಿಮ್ಮ ಪ್ಲೇಟ್ ಮೇಲೆ ಸೀಲ್, ಹೋಲೋಗ್ರಾಂ, ಲೇಸರ್‌ನಲ್ಲಿ ಕೊರೆದ ಸಂಖ್ಯೆ, ವರ್ಷದ ಸ್ಟಿಕ್ಕರ್ ಏನಾದರೂ ಇದೆಯಾ ನೋಡಿ. ಇದ್ದರೆ ಮೊದಲು ನೋಂದಣಿ ಇಲಾಖೆ ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ. ಸೀಲ್ ಇರುವ ಪ್ಲೇಟನ್ನು ನೀವು ಬಿಚ್ಚಬೇಕಾಗಿಲ್ಲ. ಆದರೂ ಯಾಕೆ ಹಾಳಾಗುತ್ತದೆ, ಹಿಂದಿನ ಜಾಗ ಹೇಗಿರಬೇಕು ಅನ್ನುವ ಭಾಗ ಓದಿಕೊಂಡಿರಿ. ಹಾಕಲು ಬಂದವರ ಕೆಲಸ ಸರಿಯಾಗಿದೆಯಾ ಅಂತ ನೋಡಲು ಅದೇ ಸಾಕು.

ಅಳತೆಯೂ ನೆನಪಿರಲಿ. ಯುರೋಪಿನ ಉದ್ದ ಪ್ಲೇಟ್ ಸುಮಾರು 520 ಮಿ.ಮೀ. ಅಗಲ, 110 ಮಿ.ಮೀ. ಎತ್ತರ. ಭಾರತದ ಕಾರುಗಳಿಗೆ 500×120 ಅಥವಾ 340×200. ಅಮೆರಿಕದ್ದು 12 ಇಂಚು ಅಗಲ, 6 ಇಂಚು ಎತ್ತರ. ಜಪಾನಿನದ್ದು 330×165. ಬೇರೆ ದೇಶದಿಂದ ತರಿಸಿದ ಕಾರಾದರೆ ಬಂಪರಿನ ಗುಳಿಯ ಅಳತೆಗೂ ನಿಮ್ಮ ಪ್ಲೇಟಿನ ಅಳತೆಗೂ ಹೊಂದಿಕೆ ಆಗದೆ ತೂತುಗಳು ಬೇರೆ ಕಡೆ ಬೀಳುತ್ತವೆ. ಹೊಸದನ್ನು ಮಾಡಿಸುವ ಮೊದಲೇ ಟೇಪ್ ಹಿಡಿದು ಅಳೆದುಕೊಳ್ಳಿ.

ಯಾಕೆ ಹಾಳಾಯಿತು?

ಹಳೇ ಪ್ಲೇಟ್ ಇನ್ನೂ ಗಾಡಿಯ ಮೇಲೆ ಇರುವಾಗಲೇ ಹತ್ತಿರ ಕೂತು ಐದು ನಿಮಿಷ ನೋಡಿ. ಎಲ್ಲಿ ಹಾಳಾಗಿದೆ ಅನ್ನುವುದೇ ಯಾಕೆ ಹಾಳಾಗಿದೆ ಅಂತ ಹೇಳುತ್ತದೆ.

ಮುಂದಿನ ಪ್ಲೇಟಿನ ತುಂಬಾ ಸಣ್ಣ ಸಣ್ಣ ಚುಕ್ಕೆ ಗಾಯಗಳಿದ್ದರೆ ಅದು ರಸ್ತೆಯ ಕಲ್ಲಿನ ಕೆಲಸ. ಅದಕ್ಕೆ ಯಾರೂ ಏನೂ ಮಾಡಲಾಗದು. ಅಂಚಿನಿಂದ ಒಳಗೆ ಹಾಲು ಚೆಲ್ಲಿದ ಹಾಗೆ ಬಿಳಿ ಹರಡಿದ್ದರೆ, ಅಥವಾ ಗುಳ್ಳೆ ಎದ್ದಿದ್ದರೆ, ಪದರಗಳ ನಡುವೆ ನೀರು ಹೋಗಿದೆ. ಹೆಚ್ಚಿನ ಸಲ ಇದು ಪ್ರೆಶರ್ ವಾಷರ್‌ನ ಕಾಣಿಕೆ. ಕೊಳವೆಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಪ್ಲೇಟಿನ ಅಂಚಿಗೇ ಹೊಡೆದರೆ ಎಂಥ ಅಂಟೂ ಬಿಡುತ್ತದೆ.

ಸ್ಕ್ರೂ ತೂತಿನಿಂದ ನಕ್ಷತ್ರದ ಹಾಗೆ ಬಿರುಕುಗಳು ಹೊರಟಿದ್ದರೆ ಯಾರೋ ಅತಿಯಾಗಿ ಬಿಗಿದಿದ್ದಾರೆ. ತೂತಿನಿಂದ ಕೆಳಕ್ಕೆ ಕೆಂಪು ಗೆರೆ ಇಳಿದಿದ್ದರೆ ಅದು ಸಾದಾ ಕಬ್ಬಿಣದ ಸ್ಕ್ರೂ. ಅಲ್ಯೂಮಿನಿಯಂ ಪ್ಲೇಟಿನ ತೂತಿನ ಸುತ್ತ ಬಿಳಿ ಪುಡಿ ಕಂಡರೆ ಕಥೆ ಬೇರೆ: ಎರಡು ಬೇರೆ ಬೇರೆ ಲೋಹ ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅವುಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥದ್ದೇ ಕ್ರಿಯೆ ನಡೆಯುತ್ತದೆ, ಅದರಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಉಪ್ಪು ನೀರಿದ್ದರೆ ಇನ್ನೂ ಬೇಗ. ಸಮುದ್ರದ ಪಕ್ಕ ಓಡುವ ಕಾರುಗಳಲ್ಲಿ, ಹಿಮಕ್ಕೆ ಉಪ್ಪು ಸುರಿಯುವ ರಸ್ತೆಗಳಲ್ಲಿ ಇದು ಜಾಸ್ತಿ.

ಪ್ಲೇಟ್ ನಡುವೆ ಒತ್ತಿ ನೋಡಿ. ಟಕಟಕ ಅಂದರೆ ಹಿಂದೆ ಖಾಲಿ ಇದೆ, ಗಾಡಿ ಓಡುವಾಗ ಅದು ಅದುರುತ್ತಾ ಹಿಂದಿನ ಪೇಂಟನ್ನೂ ತಿನ್ನುತ್ತಿರುತ್ತದೆ. ಈ ಎಲ್ಲದಕ್ಕೂ ಮುಂದೆ ಉತ್ತರ ಇದೆ, ಸದ್ಯಕ್ಕೆ ನೆನಪಿಟ್ಟುಕೊಳ್ಳಿ. ಒಂದು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೈಗೆ ಬೇಕಾದದ್ದು

ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ತಲೆಯಲ್ಲಿ ಪ್ಲಸ್ ಗುರುತಿನ ಗೀರಿರುವ (ಫಿಲಿಪ್ಸ್) ಸ್ಕ್ರೂ ಆದರೆ ಸಾಮಾನ್ಯವಾಗಿ 2ನೇ ನಂಬರಿನದ್ದು ಹೊಂದುತ್ತದೆ. ತುಕ್ಕು ಬಿಡಿಸುವ ಎಣ್ಣೆ, ಅಂದರೆ ಡಬ್ಲ್ಯುಡಿ-40 ಥರದ ಸ್ಪ್ರೇ. ಹಳೇ ಹಲ್ಲುಜ್ಜುವ ಬ್ರಷ್. ಎಮರಿ ಪೇಪರ್. ಟೇಪಿನಿಂದ ಅಂಟಿಸಿದ ಪ್ಲೇಟಾದರೆ ಹೇರ್ ಡ್ರೈಯರ್ ಮತ್ತು ಮೀನಿನ ಗಾಳದ ದಾರ. ಸ್ಕ್ರೂ ಬದಲು ರಿವೆಟ್, ಅಂದರೆ ತಿರುಗಿಸಿ ಬಿಚ್ಚಲು ಬಾರದ ಲೋಹದ ಗುಬಟು ಇದ್ದರೆ ಡ್ರಿಲ್. ಹೊಸ ಸ್ಟೇನ್‌ಲೆಸ್ ಸ್ಕ್ರೂಗಳು, ನೈಲಾನ್ ವಾಷರ್, ಸ್ಕ್ರೂ ತಲೆ ಮುಚ್ಚುವ ಪ್ಲಾಸ್ಟಿಕ್ ಟೋಪಿ. ಒಂದು ಸಣ್ಣ ರಸಮಟ್ಟ. ನೆಲಕ್ಕೆ ಹಾಸಲು ಹಳೇ ಬಟ್ಟೆ, ಯಾಕೆಂದರೆ ವಾಷರ್‌ಗಳು ಬಿದ್ದರೆ ಉರುಳಿಕೊಂಡು ಕಾರಿನ ಕೆಳಗೇ ಹೋಗುತ್ತವೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ. ಎರಡು ಪ್ಲೇಟನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ. ನಡುವೆ ಏನಾದರೂ ಕೈಕೊಟ್ಟರೆ ಎರಡೂ ಕಡೆ ಬೋಳಾದ ಕಾರು ಬಾಗಿಲಲ್ಲಿ ನಿಂತುಬಿಡುತ್ತದೆ.

ಸ್ಕ್ರೂ ಬಿಚ್ಚುವುದು

ಮೊದಲು ಬಣ್ಣದ ಪ್ಲಾಸ್ಟಿಕ್ ಟೋಪಿಗಳಿದ್ದರೆ ಉಗುರಿನಿಂದಲೋ ತೆಳ್ಳನೆಯ ಚಾಕುವಿನಿಂದಲೋ ಎಬ್ಬಿಸಿ. ಆಮೇಲೆ ಸ್ಕ್ರೂ ತಲೆಯ ಗೀರಿನಲ್ಲಿ ಕೂತಿರುವ ಮಣ್ಣನ್ನು ಬ್ರಷ್ ಹಾಕಿ ಪೂರ್ತಿ ತೆಗೆಯಿರಿ. ಸಿಲ್ಲಿ ಅನ್ನಿಸಬಹುದು. ಆದರೆ ತಲೆ ಹಾಳಾಗುವ ಸ್ಕ್ರೂಗಳಲ್ಲಿ ಎಷ್ಟೋ ಹಾಳಾಗುವುದು ಸ್ಕ್ರೂಡ್ರೈವರ್ ತುದಿ ತಳದವರೆಗೆ ಕೂರದ ಕಾರಣಕ್ಕೇ.

ತುಕ್ಕು ಹಿಡಿದಿದ್ದರೆ ಎಣ್ಣೆ ಹೊಡೆದು ಕಾಯಿರಿ. ಕಡಿಮೆ ಅಂದರೂ ಕಾಲು ಗಂಟೆ, ಜಾಸ್ತಿ ತುಕ್ಕಿದ್ದರೆ ರಾತ್ರಿಯಿಡೀ. ಪ್ಲೇಟಿನ ಹಿಂದೆ ಬೆರಳು ಹೋಗುವಂತಿದ್ದರೆ ಹಿಂದಿನಿಂದಲೂ ಹೊಡೆಯಿರಿ, ಥ್ರೆಡ್ ಇರುವುದು ಅಲ್ಲೇ.

ಈಗ ಸ್ಕ್ರೂಡ್ರೈವರನ್ನು ನೇರ ಕೂರಿಸಿ, ಮೈಭಾರ ಅದರ ಮೇಲೆ ಹಾಕಿ. ನೇರ ಬಿಚ್ಚಲು ಹೋಗಬೇಡಿ. ಮೊದಲು ಒಂದು ಕೂದಲಿನಷ್ಟು ಬಿಗಿಯುವ ಕಡೆಗೆ ತಿರುಗಿಸಿ. "ಚಟ್" ಅನ್ನುವ ಸಣ್ಣ ಸದ್ದು ಬಂದರೆ ಗೆದ್ದಿರಿ, ತುಕ್ಕಿನ ಹಿಡಿತ ಬಿಟ್ಟಿದೆ. ಆಮೇಲೆ ಬಿಚ್ಚುವ ಕಡೆಗೆ ಅರ್ಧ ಸುತ್ತು, ಮತ್ತೆ ಕಾಲು ಸುತ್ತು ವಾಪಸ್, ಮತ್ತೆ ಅರ್ಧ ಸುತ್ತು. ಹೀಗೆ ಹಿಂದೆ ಮುಂದೆ ಆಡಿಸಿದರೆ ತುಕ್ಕಿನ ಪುಡಿ ಹೊರಗೆ ಬರುತ್ತದೆ. ಒಂದೇ ಉಸಿರಿಗೆ ಎಳೆದರೆ ಸ್ಕ್ರೂ ಅರ್ಧಕ್ಕೆ ಮುರಿಯುತ್ತದೆ.

ತಲೆಯ ಗೀರು ಸವೆಯಲು ಶುರುವಾದರೆ ತಕ್ಷಣ ನಿಲ್ಲಿಸಿ. ಒಂದು ಅಗಲವಾದ ರಬ್ಬರ್ ಬ್ಯಾಂಡನ್ನು ಸ್ಕ್ರೂ ತಲೆಯ ಮೇಲಿಟ್ಟು ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿ. ಸಣ್ಣ ಸವೆತಕ್ಕೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಪಕ್ಕಡಿನಿಂದ ತಲೆಯನ್ನು ಪಕ್ಕದಿಂದ ಕಚ್ಚಿ ಹಿಡಿದು ತಿರುಗಿಸಿ. ಹಳೇ ಪ್ಲೇಟಿಗೆ ಗಾಯ ಆದರೆ ಆಗಲಿ, ಅದು ಹೇಗೂ ಹೋಗುವುದೇ. ಕೊನೆಯ ದಾರಿ ಡ್ರಿಲ್: ಸ್ಕ್ರೂ ತಲೆಯ ನಡುವೆ ಕೊರೆದು ತಲೆಯನ್ನು ಹಾರಿಸಿ, ಪ್ಲೇಟ್ ತೆಗೆದ ಮೇಲೆ ಉಳಿದ ಮೋಟನ್ನು ಪಕ್ಕಡಿನಿಂದ ತಿರುಗಿಸಿ ಹೊರಗೆ ತೆಗೆಯಿರಿ. ತಲೆಯ ಒತ್ತಡ ಹೋದ ಮೇಲೆ ಮೋಟು ಎಷ್ಟೋ ಸಲ ಬೆರಳಲ್ಲೇ ತಿರುಗುತ್ತದೆ.

ಇನ್ನೊಂದು ತಲೆನೋವು ಇದೆ. ಸ್ಕ್ರೂ ತಿರುಗುತ್ತಲೇ ಇರುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಅಂದರೆ ಬಂಪರಿನಲ್ಲಿ ಕೂತಿರುವ ಪ್ಲಾಸ್ಟಿಕ್ ನಟ್ ಕೂಡ ಜೊತೆಗೇ ಸುತ್ತುತ್ತಿದೆ. ಪ್ಲೇಟಿನ ಹಿಂದೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಪ್ಲೇಟನ್ನು ಮೆತ್ತಗೆ ಹೊರಕ್ಕೆ ಮೀಟಿ ಹಿಡಿದುಕೊಂಡೇ ಸ್ಕ್ರೂ ತಿರುಗಿಸಿ. ಆ ಎಳೆತಕ್ಕೆ ನಟ್ ಬಿಗಿಯಾಗಿ ನಿಲ್ಲುತ್ತದೆ. ಮೀಟುವ ಕಡೆ ಪೇಂಟಿಗೆ ತಾಗದ ಹಾಗೆ ಮಡಿಸಿದ ಬಟ್ಟೆ ಇಡಿ.

ರಿವೆಟ್ ಮತ್ತು ಟೇಪ್

ನೀವೇ ತೆಗೆಯಬಹುದಾದ ಸಾದಾ ರಿವೆಟ್ ಆದರೆ ಮಾತ್ರ ಈ ಭಾಗ. ರಿವೆಟ್ ನಡುವಿನ ಸಣ್ಣ ಕಡ್ಡಿಯನ್ನು ಮೊದಲು ಮೊಳೆಯಿಂದ ಬಡಿದು ಸ್ವಲ್ಪ ಒಳಕ್ಕೆ ಇಳಿಸಿ. ಇಲ್ಲದಿದ್ದರೆ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ. 4.8 ಮಿ.ಮೀ. ರಿವೆಟ್ಟಿಗೆ 5 ಮಿ.ಮೀ. ಬಿಟ್ ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಧಾನ ವೇಗದಲ್ಲಿ ತಲೆಯನ್ನಷ್ಟೇ ಕೊರೆಯಿರಿ. ತಲೆ ಬಿಟ್ಟು ಬಂದು ಬಿಟ್ಟಿಗೆ ಸಿಕ್ಕಿಕೊಂಡು ಗರಗರ ತಿರುಗತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಒತ್ತಿದರೆ ಬಂಪರಿನೊಳಗೆ ಹೋಗುತ್ತೀರಿ, ಡಿಕ್ಕಿ ಬಾಗಿಲಿನಲ್ಲಾದರೆ ಅದರ ಹಿಂದೆ ಲೈಟು, ಕ್ಯಾಮೆರಾ, ಲಾಕಿನ ವೈರುಗಳಿರುತ್ತವೆ. ಬಿಟ್ಟಿನ ಚೂಪು ತುದಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಎಷ್ಟು ಒಳಗೆ ಹೋದಿರಿ ಅಂತ ಗೊತ್ತಾಗುತ್ತದೆ.

ಟೇಪಿನಿಂದ ಅಂಟಿಸಿದ ಪ್ಲೇಟನ್ನು ಕಿತ್ತು ತೆಗೆಯಲು ಹೋದರೆ ಪೇಂಟ್ ಸಮೇತ ಬರುತ್ತದೆ. ಹೇರ್ ಡ್ರೈಯರ್‌ನಲ್ಲಿ ಒಂದು ತುದಿಯಿಂದ ಎರಡು ಮೂರು ನಿಮಿಷ ಬಿಸಿ ಮಾಡಿ. ಕೈಯಿಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು. ಆಮೇಲೆ ಗಾಳದ ದಾರವನ್ನು ಪ್ಲೇಟಿನ ಹಿಂದೆ ತೂರಿಸಿ, ಎರಡು ಕೈಯಲ್ಲೂ ತುದಿ ಸುತ್ತಿಕೊಂಡು ಗರಗಸದ ಹಾಗೆ ಎಳೆಯುತ್ತಾ ಕೆಳಕ್ಕೆ ಬನ್ನಿ. ಫೋಮ್ ಟೇಪ್ ಬೆಣ್ಣೆ ಕೊಯ್ದ ಹಾಗೆ ಕೊಯ್ದುಕೊಳ್ಳುತ್ತದೆ. ಬಂಪರಿನ ಮೇಲೆ ಉಳಿದ ಅಂಟನ್ನು ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ ತೆಗೆಯಿರಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಬ್ಲೇಡ್ ಹಾಕಿದರೆ ಮಾತ್ರ ಕೆಟ್ಟಿರಿ.

ಹಿಂದಿನ ಜಾಗ

ಪ್ಲೇಟ್ ಹೊರಗೆ ಬಂದ ಮೇಲೆ ಹಿಂದೆ ಕಾಣುವುದು ವರ್ಷಗಳ ಮಣ್ಣು. ಸೋಪಿನ ನೀರು, ಸ್ಪಂಜು, ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೆ ಪೇಂಟ್ ನೋಡಿ. ತಗಡಿನ ಭಾಗದಲ್ಲಿ, ಅಂದರೆ ಹೆಚ್ಚಾಗಿ ಡಿಕ್ಕಿ ಬಾಗಿಲಿನಲ್ಲಿ, ತುಕ್ಕಿನ ಚುಕ್ಕೆ ಇದ್ದರೆ ಎಮರಿ ಪೇಪರ್ ಹಾಕಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಟಚ್‌ಅಪ್ ಪೇಂಟ್. ಬಣ್ಣ ಸರಿಯಾಗಿ ಹೊಂದದಿದ್ದರೂ ಪರವಾಗಿಲ್ಲ, ಪ್ಲೇಟಿನ ಹಿಂದೆ ಯಾರು ನೋಡುತ್ತಾರೆ. ಸ್ಕ್ರೂ ತೂತಿನ ಅಂಚಿಗೂ ಒಂದು ತೊಟ್ಟು ಪೇಂಟ್ ಮುಟ್ಟಿಸುವುದನ್ನು ಮರೆಯಬೇಡಿ, ತುಕ್ಕು ಶುರುವಾಗುವುದೇ ಅಲ್ಲಿಂದ.

ಪ್ಲಾಸ್ಟಿಕ್ ನಟ್‌ಗಳು ಸವೆದು ಸಡಿಲವಾಗಿದ್ದರೆ ಈಗಲೇ ಬದಲಿಸಿ. ಒತ್ತಿದರೆ ಕೂರುವ ಸಣ್ಣ ತುಂಡುಗಳು ಅವು. ಹಳೇ ತೂತಿಗೆ ದಪ್ಪ ಸ್ಕ್ರೂ ಬಲವಂತವಾಗಿ ತುರುಕುವ ಉಪಾಯ ಇವತ್ತಿಗೆ ಸರಿ ಕಾಣುತ್ತದೆ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನೇ ಬೈಯುತ್ತಾರೆ. ಆ ಮುಂದಿನ ಸಲದವರು ಸಾಮಾನ್ಯವಾಗಿ ನೀವೇ ಆಗಿರುತ್ತೀರಿ.

ಹೊಸ ಪ್ಲೇಟಿಗೆ ತೂತು ಹಾಕುವುದು

ಹೊಸ ಪ್ಲೇಟ್ ಕೈಗೆ ಬಂದ ಕೂಡಲೇ ನಂಬರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಂದಣಿ ಪತ್ರದ ಜೊತೆ ಹೋಲಿಸಿ. ತೂತು ಹಾಕಿದ ಮೇಲೆ ತಪ್ಪು ಕಂಡರೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಪ್ಲೇಟಿನಲ್ಲಿ ಮೊದಲೇ ತೂತು ಇದ್ದು ಅದು ಗಾಡಿಗೆ ಹೊಂದಿದರೆ ಈ ಭಾಗ ಬಿಟ್ಟುಬಿಡಿ. ಇಲ್ಲದಿದ್ದರೆ ಹಳೇ ಪ್ಲೇಟನ್ನು ಹೊಸದರ ಮೇಲೆ ಅಂಚಿಗೆ ಅಂಚು ಸೇರಿಸಿಟ್ಟು ತೂತಿನ ಗುರುತು ಹಾಕಿಕೊಳ್ಳಿ. ಗುರುತು ಹಾಕಿದ ಜಾಗ ಅಕ್ಷರದ ಮೇಲೆ ಅಥವಾ ಅಕ್ಷರಕ್ಕೆ ತಾಗಿಕೊಂಡು ಬೀಳುತ್ತದಾ ನೋಡಿ. ಕಪ್ಪು ತಲೆಯ ಸ್ಕ್ರೂ ಒಂದು 1ರ ಪಕ್ಕ ಕೂತು ಅದನ್ನು 7ರಂತೆ ಕಾಣಿಸಿದರೆ ಸಾಕು, ಅದೇ ಒಂದು ತಪ್ಪಾಗುತ್ತದೆ. ಅದಕ್ಕೇ ಸ್ಕ್ರೂ ಟೋಪಿ ಪ್ಲೇಟಿನ ಹಿನ್ನೆಲೆಯ ಬಣ್ಣದ್ದೇ ಇರಬೇಕು.

ಅಲ್ಯೂಮಿನಿಯಂ ಪ್ಲೇಟಿಗೆ ತೂತು ಹಾಕುವುದು ಸಲೀಸು. ಹಿಂದೆ ಮರದ ತುಂಡು ಇಟ್ಟು ಕೊರೆಯಿರಿ, ಅಂಚಿನ ಚೂಪನ್ನು ಸವರಿ ತೆಗೆಯಿರಿ. ಅಕ್ರಿಲಿಕ್, ಅಂದರೆ ಗಡುಸು ಪ್ಲಾಸ್ಟಿಕ್ಕಿನ ಪ್ಲೇಟಿಗೆ ಮಾತ್ರ ತಾಳ್ಮೆ ಬೇಕು. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮರದ ತುಂಡಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, ಮೊದಲು 2 ಮಿ.ಮೀ. ತೂತು, ಆಮೇಲೆ ಹಂತ ಹಂತವಾಗಿ ದೊಡ್ಡದು. ವೇಗ ಕಡಿಮೆ ಇರಲಿ, ಒತ್ತಡವೂ ಕಡಿಮೆ ಇರಲಿ. ಬಿಟ್ ಆಚೆ ಬದಿಗೆ ಹೊರಬರುವ ಕೊನೆಯ ಕ್ಷಣದಲ್ಲೇ ಬಿರುಕು ಬಿಡುವುದು ಜಾಸ್ತಿ, ಅಲ್ಲಿ ಇನ್ನೂ ಹಗುರ ಕೈ.

ತೂತು ಸ್ಕ್ರೂವಿನ ದಪ್ಪಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಬೇಕು. ಇದು ಯಾಕೆ ಅಂತ ಒಂದು ಲೆಕ್ಕ ನೋಡಿ. ಅಕ್ರಿಲಿಕ್ ಪ್ರತಿ ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 520 ಮಿ.ಮೀ. ಪ್ಲೇಟ್ ರಾತ್ರಿಯ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ ಉದ್ದ 1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಬೆಳೆಯುತ್ತದೆ. ತೂತು ಸ್ಕ್ರೂವಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಆ ಒಂದು ಮಿಲಿಮೀಟರಿಗೆ ಹೋಗಲು ಜಾಗವಿಲ್ಲ. ಕಡೆಗೆ ಅದು ಬಿರುಕಾಗಿ ಹೊರಬರುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಇದರ ಮೂರನೇ ಒಂದು ಭಾಗದಷ್ಟು, ಅದಕ್ಕೇ ಅದಕ್ಕೆ ಈ ಕಾಟ ಕಡಿಮೆ.

ಕೂರಿಸುವುದು

ನನ್ನ ಮೊದಲ ಆಯ್ಕೆ ಸ್ಕ್ರೂ. ಟೇಪ್ ನೋಡಲು ಚೆಂದ, ತೂತಿನ ಗೋಜಿಲ್ಲ, ಆದರೆ ಅದಕ್ಕೆ ಶಿಸ್ತು ಬೇಕು. ಒಮ್ಮೆ ನಾನು ಚಳಿಯ ಬೆಳಗ್ಗೆ, ಕಾರು ತೊಳೆದು ಸರಿಯಾಗಿ ಒಣಗುವ ಮೊದಲೇ ಅವಸರದಲ್ಲಿ ಟೇಪ್ ಹಾಕಿ ಅಂಟಿಸಿದ್ದೆ. ನಾಲ್ಕನೇ ದಿನ ಹೆದ್ದಾರಿಯಲ್ಲಿ ಎಲ್ಲೋ ಬಿತ್ತು. ವಾಪಸ್ ಹೋಗಿ ರಸ್ತೆ ಬದಿ ಎರಡು ಗಂಟೆ ಹುಡುಕಿದೆ. ಸಿಗಲಿಲ್ಲ. ಪ್ಲೇಟ್ ಕಳೆದುಹೋಗುವುದು ಸವೆಯುವುದಕ್ಕಿಂತ ದೊಡ್ಡ ರಗಳೆ, ಪೊಲೀಸರಿಗೆ ತಿಳಿಸುವುದರಿಂದ ಶುರುವಾಗುತ್ತದೆ.

ಸ್ಕ್ರೂ ಹಾಕುವವರಿಗೆ: ಪ್ಲೇಟಿನ ಹಿಂದೆ ನಾಲ್ಕು ಮೂಲೆಗೂ ನಡುವೆ ಒಂದು ಕಡೆಗೂ ಸಣ್ಣ ಫೋಮ್ ತುಂಡು ಅಂಟಿಸಿ. ಟಕಟಕ ಸದ್ದಿಗೂ ಪೇಂಟಿನ ಸವೆತಕ್ಕೂ ಅದೇ ಔಷಧಿ. ಕೆಳಗಿನ ಅಂಚಿಗೆ ಉದ್ದಕ್ಕೆ ಫೋಮ್ ಪಟ್ಟಿ ಹಾಕಬೇಡಿ, ಮೇಲಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಪ್ರತಿ ಸ್ಕ್ರೂವಿಗೂ ನೈಲಾನ್ ವಾಷರ್ ಹಾಕಿ. ಸ್ಟೀಲು ಅಲ್ಯೂಮಿನಿಯಂ ಒಂದಕ್ಕೊಂದು ತಾಗದ ಹಾಗೆ ಅದು ತಡೆಯುತ್ತದೆ, ಮೊದಲು ಹೇಳಿದ ಬಿಳಿ ಪುಡಿ ಬರುವುದಿಲ್ಲ. ಹಿತ್ತಾಳೆ ಸ್ಕ್ರೂ ಅಲ್ಯೂಮಿನಿಯಂ ಜೊತೆ ಬೇಡವೇ ಬೇಡ. ಥ್ರೆಡ್ಡಿಗೆ ಕಡ್ಡಿಯ ತುದಿಯಷ್ಟು ಗ್ರೀಸ್ ಸವರಿ.

ಎಲ್ಲ ಸ್ಕ್ರೂಗಳನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹಾಕಿ. ಪ್ಲೇಟಿನ ಮೇಲಂಚಿಗೆ ರಸಮಟ್ಟ ಇಟ್ಟು ನೋಡಿ. ನೆಲ ಓರೆಯಾಗಿದ್ದರೆ ರಸಮಟ್ಟ ಸುಳ್ಳು ಹೇಳುತ್ತದೆ, ಆಗ ಬಂಪರಿನ ಗೆರೆಯಿಂದ ಎರಡು ತುದಿಗೂ ಅಳೆಯಿರಿ. ಸರಿಯಾದ ಮೇಲೆ ಸ್ಕ್ರೂಡ್ರೈವರಿನಿಂದ, ಡ್ರಿಲ್ಲಿನಿಂದ ಅಲ್ಲ, ಬಿಗಿಯಿರಿ. ವಾಷರ್ ಪ್ಲೇಟಿಗೆ ತಾಗಿದ ಮೇಲೆ ಕಾಲು ಸುತ್ತು ಸಾಕು. ಪ್ಲೇಟ್ ಅಲುಗಬಾರದು, ತೂತಿನ ಸುತ್ತ ಗುಳಿಯೂ ಬೀಳಬಾರದು.

ಟೇಪೇ ಬೇಕು ಅನ್ನುವವರಿಗೆ: ಹೊರಾಂಗಣಕ್ಕೆ ಬಳಸುವ ಅಕ್ರಿಲಿಕ್ ಫೋಮ್ ಟೇಪ್ ತನ್ನಿ. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಆಮೇಲೆ ಬೆರಳು ಸೋಕಿಸಬೇಡಿ. ಪ್ಲೇಟಿನ ಮುಂಭಾಗಕ್ಕೆ ಮಾತ್ರ ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ತಾಗಬಾರದು, ಅಕ್ರಿಲಿಕ್ ಮೇಲೆ ಜೇಡರ ಬಲೆಯಂಥ ಸೀಳು ಏಳುತ್ತವೆ. ಗಾಳಿ ತೀರಾ ತಣ್ಣಗಿದ್ದರೆ ಅಂಟು ಹಿಡಿಯುವುದಿಲ್ಲ, ಬೆಚ್ಚಗಿನ ಹೊತ್ತು ನೋಡಿ. ಟೇಪ್ ಪಟ್ಟಿಗಳನ್ನು ನಿಲುವಾಗಿ ಅಂಟಿಸಿ, ಆಗ ನಡುವೆ ನೀರು ಇಳಿದುಹೋಗುತ್ತದೆ. ಒಮ್ಮೆ ತಾಗಿದ ಮೇಲೆ ಸರಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ ಬಂಪರಿನ ಮೇಲೆ ಮಾಸ್ಕಿಂಗ್ ಟೇಪಿನಿಂದ ಗಡಿ ಹಾಕಿಕೊಳ್ಳಿ. ಅಂಟಿಸಿ ಅಂಗೈಯಿಂದ ಪ್ರತಿ ಜಾಗವನ್ನೂ ಬಲವಾಗಿ ಒತ್ತಿ. ಇಂಥ ಟೇಪ್ ಪೂರ್ತಿ ಹಿಡಿತಕ್ಕೆ ಬರಲು ಸುಮಾರು 72 ಗಂಟೆ ಬೇಕು. ಅಲ್ಲಿಯವರೆಗೆ ಕಾರು ತೊಳೆಯಬೇಡಿ.

ಲೈಟು, ಕ್ಯಾಮೆರಾ, ಸೆನ್ಸರ್

ಹಿಂದಿನ ಪ್ಲೇಟ್ ಮೇಲೆ ಬೆಳಕು ಬಿಡುವ ಪುಟ್ಟ ಬಲ್ಬ್ ಇದೆಯಲ್ಲ, ಅದನ್ನು ಈಗಲೇ ನೋಡಿಬಿಡಿ. ಪಾರ್ಕಿಂಗ್ ಲೈಟ್ ಹಾಕಿ ಹಿಂದೆ ಬನ್ನಿ. ಹೆಚ್ಚಿನ ಕಾರುಗಳಲ್ಲಿ ಅದು 5 ವ್ಯಾಟಿನ ಸಣ್ಣ ಬಲ್ಬ್, ಕವರ್ ಬಿಚ್ಚಿದರೆ ಕೈಯಲ್ಲೇ ಬದಲಿಸಬಹುದು. ಬಲ್ಬ್ ಉರಿಯುತ್ತಿದ್ದರೂ ಕವರ್ ಒಳಗೆ ಧೂಳು ತುಂಬಿ ಹಳದಿಯಾಗಿದ್ದರೆ ತೊಳೆದು ಹಾಕಿ. ಬಣ್ಣದ ಎಲ್‌ಇಡಿ ಹಾಕುವ ಶೋಕಿ ಬೇಡ, ಅಲ್ಲಿ ಇರಬೇಕಾದ್ದು ಬಿಳಿ ಬೆಳಕು.

ಕಾರು ರಿವರ್ಸ್‌ಗೆ ಹಾಕಿ ಕ್ಯಾಮೆರಾ ಚಿತ್ರ ನೋಡಿ. ಹೊಸದಾಗಿ ದಪ್ಪ ಫ್ರೇಮ್ ಹಾಕಿದ್ದರೆ ಅದರ ಅಂಚು ಚಿತ್ರದ ಕೆಳಗೆ ಇಣುಕಬಹುದು. ಪಾರ್ಕಿಂಗ್ ಸೆನ್ಸರ್ ಸುಮ್ಮಸುಮ್ಮನೆ ಕೂಗತೊಡಗಿದರೂ ಮೊದಲ ಅನುಮಾನ ಫ್ರೇಮಿನ ಮೇಲೆಯೇ ಇರಲಿ. ಮುಂದೆ, ವೇಗ ತಾನೇ ಹೊಂದಿಸಿಕೊಳ್ಳುವ ಕಾರುಗಳಲ್ಲಿ ಬಂಪರಿನ ಜಾಲರಿಯ ಹತ್ತಿರ ರಾಡಾರ್ ಕೂತಿರುತ್ತದೆ. ಪ್ಲೇಟನ್ನು ಮೊದಲಿದ್ದ ಜಾಗದಿಂದ ಕೆಳಗೆ ಮೇಲೆ ಸರಿಸಿ ಅದಕ್ಕೆ ಅಡ್ಡ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ನನಗೆ ಫ್ರೇಮ್‌ಗಳೇ ಹಿಡಿಸುವುದಿಲ್ಲ. ಅಂಚಿನಲ್ಲಿ ಮಣ್ಣು ಹಿಡಿದಿಡುತ್ತವೆ, ಅಕ್ಷರದ ತುದಿ ಮುಚ್ಚುತ್ತವೆ. ಪ್ಲೇಟಿನ ಮೇಲೆ ಪಾರದರ್ಶಕ ಕವರ್ ಹಾಕುವುದಂತೂ ಹೊಳಪನ್ನು ನಾವೇ ಕೈಯಾರೆ ಕಡಿಮೆ ಮಾಡಿಕೊಂಡ ಹಾಗೆ, ಹಲವು ಕಡೆ ಅದಕ್ಕೆ ದಂಡವೂ ಇದೆ.

ರಾತ್ರಿ ಮತ್ತೆ ಇಪ್ಪತ್ತು ಹೆಜ್ಜೆ ದೂರ ನಿಂತು ಟಾರ್ಚ್ ಹಾಕಿ. ಬ್ರಿಟನ್ನಿನ ಡ್ರೈವಿಂಗ್ ಪರೀಕ್ಷೆಯಲ್ಲಿ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸಿ ಕಣ್ಣು ಪರೀಕ್ಷೆ ಮಾಡುತ್ತಾರೆ. ಅಷ್ಟು ದೂರದಿಂದ ನಿಮಗೂ ಸಲೀಸಾಗಿ ಓದಲು ಬರಬೇಕು. ಬಾರದಿದ್ದರೆ ತಪ್ಪು ಪ್ಲೇಟಿನದ್ದಲ್ಲ, ಕನ್ನಡಕದ್ದು.

ಒಂದು ವಾರ ಗಾಡಿ ಓಡಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ. ಫೋಮ್ ಅಮುಕಿಕೊಂಡು ಸ್ವಲ್ಪ ಸಡಿಲವಾಗಿರುತ್ತವೆ, ಒಂದಿಷ್ಟು ಬಿಗಿಯಿರಿ. ತೊಳೆಯುವಾಗ ಮೆತ್ತನೆಯ ಸ್ಪಂಜು ಸಾಕು, ಪ್ರೆಶರ್ ವಾಷರನ್ನು ಪ್ಲೇಟಿನ ಅಂಚಿನಿಂದ ದೂರ ಇಡಿ.

ಇನ್ನು ಹಳೇ ಪ್ಲೇಟ್. ವಾಪಸ್ ಕೊಡಬೇಕು ಅನ್ನುವ ನಿಯಮವಿದ್ದರೆ ಹಾಗೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದನ್ನು ಇಡಿಯಾಗಿ ಕಸಕ್ಕೆ ಎಸೆಯಬೇಡಿ, ನಿಮ್ಮ ನಂಬರನ್ನು ಇನ್ನೊಂದು ಕಾರಿಗೆ ಹಾಕಿಕೊಂಡು ಓಡಾಡುವವರಿಗೆ ಅಷ್ಟೇ ಸಾಕು. ಅಲ್ಯೂಮಿನಿಯಂ ಆದರೆ ತಗಡು ಕತ್ತರಿಯಿಂದ, ಅಕ್ರಿಲಿಕ್ ಆದರೆ ಬಟ್ಟೆ ಸುತ್ತಿ ಗರಗಸದಿಂದ, ಅಕ್ಷರಗಳ ನಡುವೆ ಅಲ್ಲ, ಅಕ್ಷರಗಳ ಮೇಲೇ ಕತ್ತರಿಸಿ. ತುಂಡುಗಳನ್ನು ಎರಡು ಬೇರೆ ಬೇರೆ ದಿನದ ಕಸಕ್ಕೆ ಹಾಕಿ.